ಇಂಟರಪ್ಟ್ ಬಂದಾಗ ಕರ್ನಲ್ ಕೇಳಿಕೊಳ್ಳುವ ಮೊದಲ ಪ್ರಶ್ನೆ: ನಾನಿರುವುದು ಯಾವ ಸಿಪಿಯು?

ಇಂಟರಪ್ಟ್, ಅಂದರೆ ‘ಕೈಲಿರುವುದನ್ನು ಬಿಟ್ಟು ಇದನ್ನು ನೋಡು’ ಎಂದು ಹಾರ್ಡ್‌ವೇರ್ ಕೂಗುವ ಕರೆ, ಬಂತು ಅಂದುಕೊಳ್ಳಿ. ಪ್ರೊಸೆಸರ್ ಮಾಡುತ್ತಿದ್ದ ಕೆಲಸ ಬಿಟ್ಟು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನೊಳಕ್ಕೆ ಜಿಗಿಯುತ್ತದೆ. ನಿಮ್ಮ ಸರ್ವರ್‌ನಲ್ಲಿ 64 ಸಿಪಿಯು ಇದ್ದರೆ ಅವೆಲ್ಲವೂ ಜಿಗಿಯುವುದು ಅದೇ ವಿಳಾಸಕ್ಕೆ, ಓಡಿಸುವುದು ಅದೇ ಕೋಡನ್ನು. ಆದರೆ ಪ್ರತಿಯೊಂದಕ್ಕೂ ತನ್ನದೇ ಆದ ಲೆಕ್ಕಪತ್ರ ಬೇಕು: ಈಗ ಓಡುತ್ತಿರುವ ಟಾಸ್ಕ್ ಯಾವುದು, ನನ್ನ ಸ್ಟ್ಯಾಕ್ ಎಲ್ಲಿ, ನನ್ನ ರನ್‌ಕ್ಯೂ (ಓಡಲು ಕಾದಿರುವ ಟಾಸ್ಕ್‌ಗಳ ಸಾಲು) ಎಲ್ಲಿ, ನನಗೆ ಹತ್ತಿರದ ಮೆಮೊರಿ ಯಾವ ನೋಡ್‌ನಲ್ಲಿದೆ, ಅಂದರೆ ಸಿಪಿಯುಗಳೂ ಅವುಗಳ ಪಕ್ಕದ ಮೆಮೊರಿಯೂ ಸೇರಿದ ಯಾವ ಗುಂಪಿನಲ್ಲಿದೆ. ಹಾಗಾದರೆ ಆ ಒಂದೇ ಕೋಡ್‌ಗೆ ‘ನಾನೀಗ 37ನೆಯ ಸಿಪಿಯು ಮೇಲಿದ್ದೇನೆ’ ಎಂದು ತಿಳಿಯುವುದು ಹೇಗೆ? ಇವತ್ತಿನ ಮಾತು ಇಷ್ಟರ ಬಗ್ಗೆಯೇ. ಲಿನಕ್ಸ್ ಮತ್ತು 64 ಬಿಟ್‌ನ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತೊಡಕು ಅತಿ ಹೆಚ್ಚಾಗಿರುವುದು ಅಲ್ಲೇ.

ಮಾಮೂಲಿ ಉತ್ತರ ಸರಳವಾಗಿದೆ. ಕರ್ನಲ್ ಬೂಟ್ ಆಗುವಾಗ ಪ್ರತಿ ಸಿಪಿಯುಗೂ ಒಂದೊಂದು ಪರ್-ಸಿಪಿಯು ಜಾಗ ಕಾದಿರಿಸುತ್ತದೆ. ಆ ಜಾಗದ ವಿಳಾಸವನ್ನು ಜಿಎಸ್ ಬೇಸ್ ಎಂಬ ರಿಜಿಸ್ಟರ್‌ನಲ್ಲಿ, ಅಂದರೆ ಪ್ರೊಸೆಸರ್‌ನೊಳಗಿನ ಒಂದು ಪುಟ್ಟ ಖಾನೆಯಲ್ಲಿ, ಇಡುತ್ತದೆ. ಅಲ್ಲಿಂದ ಮುಂದೆ ‘ನನ್ನ’ ಎನ್ನುವುದೆಲ್ಲ ಜಿಎಸ್ ಮೂಲಕವೇ. ಸಿಪಿಯು ಸಂಖ್ಯೆಯೂ ಆ ಜಾಗದಲ್ಲಿರುವ ಒಂದು ವೇರಿಯೇಬಲ್, ನೋಡ್ ಸಂಖ್ಯೆಯೂ ಇನ್ನೊಂದು ವೇರಿಯೇಬಲ್. ಒಂದೇ ಇನ್‌ಸ್ಟ್ರಕ್ಷನ್‌ನಲ್ಲಿ ಓದಿಬಿಡಬಹುದು. ಒಂದೇ ಇನ್‌ಸ್ಟ್ರಕ್ಷನ್ ಅನ್ನುವುದು ಬರೀ ವೇಗದ ಮಾತಲ್ಲ. ಎರಡು ಹೆಜ್ಜೆಯಲ್ಲಿ ಓದಲು ಹೋದರೆ, ಮೊದಲ ಹೆಜ್ಜೆಗೂ ಎರಡನೆಯದಕ್ಕೂ ನಡುವೆ ಷೆಡ್ಯೂಲರ್ ನಿಮ್ಮನ್ನು ಎತ್ತಿ ಬೇರೆ ಸಿಪಿಯು ಮೇಲೆ ಹಾಕಿಬಿಡಬಹುದು. ಆಗ ನೀವು ಪಕ್ಕದವರ ಲೆಕ್ಕವನ್ನು ನಿಮ್ಮದೆಂದು ತಿದ್ದುತ್ತಿರುತ್ತೀರಿ.

ತೊಂದರೆ ಏನೆಂದರೆ, ಜಿಎಸ್ ಬೇಸ್ ಕರ್ನಲ್‌ನ ಸ್ವಂತ ಸ್ವತ್ತಲ್ಲ. ಯೂಸರ್ ಪ್ರೋಗ್ರಾಮ್‌ಗಳೂ ಅದನ್ನು ಬಳಸಬಹುದು. ಹಾಗಾಗಿ ಎಎಂಡಿ ತನ್ನ 64 ಬಿಟ್ ವಿನ್ಯಾಸದಲ್ಲಿ ಸ್ವಾಪ್‌ಜಿಎಸ್ ಎಂಬ ಇನ್‌ಸ್ಟ್ರಕ್ಷನ್ ಕೊಟ್ಟಿತು. ಜಿಎಸ್ ಬೇಸ್‌ನಲ್ಲಿರುವ ಬೆಲೆಯನ್ನು ಪಕ್ಕದಲ್ಲಿ ಬಚ್ಚಿಟ್ಟ ಇನ್ನೊಂದು ರಿಜಿಸ್ಟರ್‌ನ ಬೆಲೆಯೊಂದಿಗೆ ಅದಲುಬದಲು ಮಾಡುವುದಷ್ಟೇ ಅದರ ಕೆಲಸ. ಯೂಸರ್ ಮೋಡ್‌ನಿಂದ ಕರ್ನಲ್‌ಗೆ ಬಂದಾಗ ಒಮ್ಮೆ, ಹಿಂದಿರುಗುವಾಗ ಒಮ್ಮೆ. ಅದಲುಬದಲು ಎಂದರೆ ಎರಡು ಸಲ ಮಾಡಿದರೆ ಮಾಡದಂತೆಯೇ ಲೆಕ್ಕ. ಆದ್ದರಿಂದ ಇಂಟರಪ್ಟ್ ಎಲ್ಲಿಂದ ಬಂತು ಎಂದು ನೋಡಿಕೊಂಡೇ ಮಾಡಬೇಕು. ಕರ್ನಲ್ ಓಡುತ್ತಿದ್ದಾಗಲೇ ಬಂದಿದ್ದರೆ ಜಿಎಸ್ ಈಗಾಗಲೇ ಸರಿಯಾಗಿದೆ, ಮುಟ್ಟುವ ಹಾಗಿಲ್ಲ.

ನೋಡಿಕೊಳ್ಳುವುದು ಹೇಗೆ? ಇಂಟರಪ್ಟ್ ಬಂದಾಗ ಪ್ರೊಸೆಸರ್ ಹಳೆಯ ಸಿಎಸ್ ರಿಜಿಸ್ಟರನ್ನು ಸ್ಟ್ಯಾಕ್ ಮೇಲೆ ಇಟ್ಟಿರುತ್ತದೆ. ಅದರ ಕೆಳಗಿನ ಎರಡು ಬಿಟ್‌ನಲ್ಲಿ 3 ಇದ್ದರೆ ಯೂಸರ್ ಮೋಡ್, 0 ಇದ್ದರೆ ಕರ್ನಲ್. ನೆಟ್‌ವರ್ಕ್ ಕಾರ್ಡಿನ ಇಂಟರಪ್ಟ್, ಟೈಮರ್ ಇಂಟರಪ್ಟ್, ಪೇಜ್ ಫಾಲ್ಟ್, ಇವೆಲ್ಲಕ್ಕೂ ಇಷ್ಟು ಸಾಕು.

ಈಗ ಸಿಸ್ಟಮ್ ಕಾಲ್, ಅಂದರೆ ಯೂಸರ್ ಪ್ರೋಗ್ರಾಂ ಕರ್ನಲ್‌ನ ಸೇವೆ ಕೇಳುವ ಕರೆ, ನೋಡಿ. ಸಿಸ್‌ಕಾಲ್ ಇನ್‌ಸ್ಟ್ರಕ್ಷನ್ ತುಂಬ ಅವಸರದ್ದು. ಅದು ಕರ್ನಲ್ ಮೋಡ್‌ಗೆ ಬದಲಾಯಿಸಿ ಕರ್ನಲ್ ವಿಳಾಸಕ್ಕೆ ಹಾರುತ್ತದೆ, ಆದರೆ ಸ್ಟ್ಯಾಕ್ ಬದಲಾಯಿಸುವುದಿಲ್ಲ, ಜಿಎಸ್ ಕೂಡ ಬದಲಾಯಿಸುವುದಿಲ್ಲ. ಅದನ್ನು ಕರ್ನಲ್‌ನ ಮೊದಲ ಸಾಲುಗಳು ಮಾಡಿಕೊಳ್ಳಬೇಕು. ಹಾಗಾಗಿ ಸಿಸ್‌ಕಾಲ್ ಆಗಿ ಸ್ವಾಪ್‌ಜಿಎಸ್ ಇನ್ನೂ ಆಗಿರದ ಒಂದು ಸಣ್ಣ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಸಿಎಸ್ ‘ಕರ್ನಲ್’ ಎನ್ನುತ್ತಿದೆ, ಜಿಎಸ್ ಮಾತ್ರ ಯೂಸರ್‌ನದು. ಸಾಮಾನ್ಯ ಇಂಟರಪ್ಟ್‌ಗಳು ಅಲ್ಲಿಗೆ ನುಗ್ಗುವುದಿಲ್ಲ, ಸಿಸ್‌ಕಾಲ್ ಹೊತ್ತಿಗೆ ಅವನ್ನು ಮುಚ್ಚುವ ಹಾಗೆ ಕರ್ನಲ್ ಮೊದಲೇ ಏರ್ಪಾಡು ಮಾಡಿರುತ್ತದೆ. ಎನ್‌ಎಂಐ ಅಂದರೆ ಮುಚ್ಚಲಾಗದ ಇಂಟರಪ್ಟ್ ಮಾತ್ರ ಎಲ್ಲಿ ಬೇಕಾದರೂ ಬರುತ್ತದೆ. ಮೆಮೊರಿ ಕೆಟ್ಟಿತೆಂದು ಹಾರ್ಡ್‌ವೇರ್ ಕೂಗುವ ಮಷೀನ್ ಚೆಕ್ ಕೂಡ ಹಾಗೆಯೇ. ಡೀಬಗ್ ಎಕ್ಸೆಪ್ಷನ್, ಡಬಲ್ ಫಾಲ್ಟ್ ಕೂಡ ಇದೇ ಸಾಲಿಗೆ ಸೇರುತ್ತವೆ. ಪರ್ಫ್ ಟೂಲ್ ಹಾಕಿ ನಿಮ್ಮ ಪ್ರೋಗ್ರಾಂ ಅಳೆಯುತ್ತಿದ್ದೀರಿ ಅಂದರೆ ಸೆಕೆಂಡಿಗೆ ಸಾವಿರಾರು ಎನ್‌ಎಂಐ ಬರುತ್ತಿರಬಹುದು. ಅವುಗಳಲ್ಲಿ ಒಂದಾದರೂ ಆ ಸಂದಿಗೆ ಬಿದ್ದೇ ಬೀಳುತ್ತದೆ.

ಈ ನಾಲ್ಕಾರು ಎಕ್ಸೆಪ್ಷನ್‌ಗಳಿಗೆ ಲಿನಕ್ಸ್‌ನಲ್ಲಿ ಬೇರೆಯದೇ ದಾರಿ ಇದೆ, ಅದಕ್ಕೆ ಪ್ಯಾರನಾಯ್ಡ್ ಎಂಟ್ರಿ ಎಂದು ಹೆಸರು. ಯಾರನ್ನೂ ನಂಬದ ದಾರಿ. ಅದು ಸಿಎಸ್ ಹೇಳಿದ್ದನ್ನು ಕೇಳದೆ ನೇರವಾಗಿ ಜಿಎಸ್ ಬೇಸ್ ರಿಜಿಸ್ಟರನ್ನೇ ಓದಿ ನೋಡುತ್ತಿತ್ತು. ಕರ್ನಲ್ ವಿಳಾಸಗಳೆಲ್ಲ ವಿಳಾಸ ಪಟ್ಟಿಯ ಮೇಲಿನ ಅರ್ಧದಲ್ಲಿವೆ, ಹಾಗಾಗಿ ಅವುಗಳ ತುದಿಯ ಬಿಟ್ 1. ಯೂಸರ್ ವಿಳಾಸಗಳಿಗೆ ಅದು 0. ತುದಿಯ ಬಿಟ್ 1 ಆಗಿದ್ದರೆ ಜಿಎಸ್ ಕರ್ನಲ್‌ನದು, ಸುಮ್ಮನಿರು. ಇಲ್ಲದಿದ್ದರೆ ಅದಲುಬದಲು ಮಾಡು. ಬಹಳ ವರ್ಷ ಇದು ಚೆನ್ನಾಗಿಯೇ ನಡೆಯಿತು. ಜಿಎಸ್ ಬೇಸನ್ನು ಬದಲಿಸಬೇಕಾದರೆ ಯೂಸರ್ ಪ್ರೋಗ್ರಾಂ ಕರ್ನಲ್ ಬಳಿ ಬಂದು ಕೇಳಬೇಕಿತ್ತು, ಕರ್ನಲ್ ತನ್ನ ವಿಳಾಸಗಳನ್ನು ಅಲ್ಲಿ ಹಾಕಲು ಬಿಡುತ್ತಿರಲಿಲ್ಲ.

2012ರಲ್ಲಿ ಇಂಟೆಲ್‌ನ ಐವಿ ಬ್ರಿಡ್ಜ್ ಬಂತು. ಅದರೊಂದಿಗೆ ಎಫ್‌ಎಸ್‌ಜಿಎಸ್‌ಬೇಸ್ ಎಂಬ ಸೌಲಭ್ಯ. ಯೂಸರ್ ಪ್ರೋಗ್ರಾಂ ಕರ್ನಲ್ ಅನ್ನು ಕೇಳದೆ ತಾನೇ ಜಿಎಸ್ ಬೇಸ್‌ಗೆ ಬೆಲೆ ಬರೆಯಬಹುದು. ಯಾವ ಬೆಲೆ? ಕರ್ನಲ್ ವಿಳಾಸದಂತೆ ಕಾಣುವ ಬೆಲೆಯನ್ನೂ ಬರೆಯಬಹುದು. ಆ ವಿಳಾಸದಿಂದ ಅದಕ್ಕೆ ಏನೂ ಓದಲಾಗದು, ಸರಿ, ಆದರೆ ರಿಜಿಸ್ಟರ್‌ನಲ್ಲಿ ಬೆಲೆ ಕೂತಿರುತ್ತದೆ. ಅಷ್ಟರಲ್ಲಿ ಆ ಸಂದಿಗೆ ಎನ್‌ಎಂಐ ಬಂದರೆ, ತುದಿಯ ಬಿಟ್ ನೋಡಿದ ಕರ್ನಲ್ ‘ಓಹೋ, ಇದು ನನ್ನದೇ’ ಎಂದು ನಂಬಿ, ದಾಳಿಕೋರ ಕೊಟ್ಟ ವಿಳಾಸವನ್ನೇ ತನ್ನ ಲೆಕ್ಕಪತ್ರವೆಂದು ಬರೆಯತೊಡಗುತ್ತದೆ. ಮೆಷಿನ್ ಪೂರ್ತಿ ಕೈಗೆ ಸಿಕ್ಕಂತೆ.

ಇದಕ್ಕಾಗಿಯೇ ಲಿನಕ್ಸ್ ಆ ಸೌಲಭ್ಯವನ್ನು ಎಂಟು ವರ್ಷ ತೆರೆಯಲಿಲ್ಲ. 2019ರಲ್ಲಿ ಒಮ್ಮೆ ಸೇರಿಸಿ, ದೋಷಗಳು ಕಂಡು, ಹಿಂದೆ ತೆಗೆದರು. ಕೊನೆಗೆ ನೆಲೆಯಾದದ್ದು 2020ರ ಅಕ್ಟೋಬರ್‌ನಲ್ಲಿ ಬಂದ 5.9ನೆಯ ಆವೃತ್ತಿಯಲ್ಲಿ. ಈ ನಡುವೆ ಕಾಯಲಾರದ ಕೆಲವರು ಹೊರಗಿನ ಕರ್ನಲ್ ಮಾಡ್ಯೂಲ್ ಬರೆದು, ಪ್ರೊಸೆಸರ್‌ನ ಆ ಒಂದು ಬಿಟ್ ಅನ್ನು ತಾವೇ ಆನ್ ಮಾಡಿಕೊಂಡು ಓಡಿಸುತ್ತಿದ್ದರು. ಎಂಟ್ರಿ ಕೋಡ್ ಮಾತ್ರ ಹಳೆಯದೇ. ಅಂದರೆ ಸಾಫ್ಟ್‌ವೇರ್ ವೇಗವಾಗಲಿ ಎಂದು ರೂಟ್ ಅಧಿಕಾರವನ್ನು ಬೀದಿಗಿಟ್ಟ ಹಾಗಾಯಿತು. ಒಂದು ಬಿಟ್ ಆನ್ ಮಾಡುವ ಪ್ಯಾಚ್ ನೋಡಿದಾಗಲೆಲ್ಲ ನನಗೆ ಸ್ವಲ್ಪ ಭಯವೇ.

ಜಿಎಸ್ ಬಗ್ಗೆ ಮಾತಾಡುವಾಗ 2018ರ ಮೇ ತಿಂಗಳನ್ನೂ ನೆನೆಯಬೇಕು. ಸ್ಟ್ಯಾಕ್ ಸೆಗ್ಮೆಂಟ್ ಬದಲಿಸುವ ಇನ್‌ಸ್ಟ್ರಕ್ಷನ್ ಆದ ಕೂಡಲೇ ಬರಬೇಕಾದ ಡೀಬಗ್ ಎಕ್ಸೆಪ್ಷನ್ ಒಂದು ಇನ್‌ಸ್ಟ್ರಕ್ಷನ್‌ನಷ್ಟು ತಡವಾಗುತ್ತದೆ. ಆ ಮುಂದಿನದು ಸಿಸ್‌ಕಾಲ್ ಆಗಿದ್ದರೆ? ಎಕ್ಸೆಪ್ಷನ್ ಬಂದಿಳಿಯುವುದು ನಾವು ಹೇಳಿದ ಅದೇ ಸಂದಿನಲ್ಲಿ. ಪ್ರೊಸೆಸರ್‌ನ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿ ಬರೆದಿರಲಿಲ್ಲ, ಹಾಗಾಗಿ ವಿಂಡೋಸ್, ಮ್ಯಾಕ್‌ಓಎಸ್, ಲಿನಕ್ಸ್, ಫ್ರೀಬಿಎಸ್‌ಡಿ ಎಲ್ಲವೂ ಒಟ್ಟಿಗೆ ರಿಪೇರಿಗೆ ಕೂತವು. ಎನ್‌ಎಂಐ ಆ ಸಂದಿಗೆ ಬೀಳುವುದು ಕಾಕತಾಳೀಯ. ಇಲ್ಲಿ ಬೇಕೆಂದಾಗ ಬೀಳಿಸಬಹುದಿತ್ತು.

ಸರಿ, ತುದಿಯ ಬಿಟ್ ನಂಬುವ ಹಾಗಿಲ್ಲ. ಹಾಗಾದರೆ ಏನು ಮಾಡುವುದು? ಉಳಿದ ದಾರಿ ಒಂದೇ: ಜಿಎಸ್‌ನಲ್ಲಿ ಏನೇ ಇರಲಿ, ಅದನ್ನು ಎತ್ತಿಟ್ಟು, ಸರಿಯಾದ ಬೆಲೆಯನ್ನು ನಾವೇ ಹೊಸದಾಗಿ ಬರೆಯುವುದು. ಸರಿಯಾದ ಬೆಲೆಗಳ ಪಟ್ಟಿ ಕರ್ನಲ್‌ನ ಸಾಮಾನ್ಯ ಮೆಮೊರಿಯಲ್ಲಿದೆ, ಸಿಪಿಯು ಸಂಖ್ಯೆ ಹಿಡಿದು ಹುಡುಕಬೇಕು. ಸಿಪಿಯು ಸಂಖ್ಯೆ ಎಲ್ಲಿದೆ? ಪರ್-ಸಿಪಿಯು ಜಾಗದಲ್ಲಿ. ಅಲ್ಲಿಗೆ ಹೋಗಲು ಜಿಎಸ್ ಬೇಕು. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಯಿತು.

ಜಿಎಸ್ ಮುಟ್ಟದೆ, ಸ್ಟ್ಯಾಕ್ ನಂಬದೆ, ಸಿಪಿಯು ಸಂಖ್ಯೆ ಪಡೆಯುವ ದಾರಿಗಳೇನು? ಹಾರ್ಡ್‌ವೇರ್ ಅನ್ನೇ ಕೇಳಬಹುದು. ಪ್ರತಿ ಸಿಪಿಯುಗೂ ಅಪಿಕ್ ಐಡಿ ಎಂಬ ಗುರುತು ಇದೆ, ಸಿಪಿಯುಐಡಿ ಇನ್‌ಸ್ಟ್ರಕ್ಷನ್ ಅದನ್ನು ಹೇಳುತ್ತದೆ. ಆದರೆ ಆ ಇನ್‌ಸ್ಟ್ರಕ್ಷನ್ ಬಲು ನಿಧಾನ, ಪೈಪ್‌ಲೈನ್ ಪೂರ್ತಿ ಖಾಲಿ ಮಾಡಿಸುತ್ತದೆ. ವರ್ಚುವಲ್ ಮೆಷಿನ್‌ನೊಳಗೆ ಇದ್ದರಂತೂ ಇಂಟೆಲ್‌ನಲ್ಲಿ ಪ್ರತಿ ಸಲವೂ ಆ ಮೆಷಿನ್ ಓಡಿಸುವ ಹೈಪರ್‌ವೈಸರ್‌ವರೆಗೆ ಹೋಗಿ ಬರಬೇಕು. ಮೇಲಾಗಿ ಅಪಿಕ್ ಐಡಿಗಳು 0, 1, 2 ಎಂದು ಸಾಲಾಗಿ ಇರಬೇಕೆಂದಿಲ್ಲ, ನಡುನಡುವೆ ಸಂಖ್ಯೆ ಬಿಟ್ಟುಹೋಗಿರುತ್ತವೆ. ಕರ್ನಲ್‌ಗೆ ಬೇಕಾದದ್ದು ತಾನೇ ಕೊಟ್ಟ ಕ್ರಮಸಂಖ್ಯೆ.

ಉತ್ತರ ಸಿಕ್ಕಿದ್ದು ಯಾರೂ ಹುಡುಕದ ಜಾಗದಲ್ಲಿ. 2006ರಲ್ಲಿ ಬಂದ 2.6.19ನೆಯ ಲಿನಕ್ಸ್‌ನಲ್ಲಿ ಗೆಟ್‌ಸಿಪಿಯು ಎಂಬ ಸಿಸ್ಟಮ್ ಕಾಲ್ ಸೇರಿತು. ‘ನಾನು ಯಾವ ಸಿಪಿಯು, ಯಾವ ನೋಡ್’ ಎಂದು ಯೂಸರ್ ಪ್ರೋಗ್ರಾಂ ಕೇಳಲೆಂದು. ಮೆಮೊರಿ ಹಂಚುವ ಲೈಬ್ರರಿಗಳಿಗೆ ಅದು ಪದೇ ಪದೇ ಬೇಕಾಗುತ್ತದೆ, ಹಾಗಾಗಿ ಕರ್ನಲ್‌ಗೆ ಹೋಗದೆಯೇ ಉತ್ತರ ಸಿಗಬೇಕು. ಅದಕ್ಕೊಂದು ಜಾಣ ಉಪಾಯ ಮಾಡಿದ್ದರು. ಪ್ರತಿ ಸಿಪಿಯುಗೂ ತನ್ನದೇ ಜಿಡಿಟಿ, ಅಂದರೆ ಸೆಗ್ಮೆಂಟ್‌ಗಳ (ಮೆಮೊರಿಯ ತುಂಡುಗಳ) ಪಟ್ಟಿ, ಇರುತ್ತದೆ. 1985ರ 386 ಚಿಪ್‌ನ ಕಾಲದಿಂದ ಆ ಪಟ್ಟಿಯ ಪ್ರತಿ ನಮೂದಿನಲ್ಲೂ ಸೆಗ್ಮೆಂಟ್ ಎಷ್ಟು ಉದ್ದ ಎಂದು ಹೇಳುವ 20 ಬಿಟ್‌ನ ಮಿತಿ ಇದೆ. 64 ಬಿಟ್ ಕೋಡ್‌ಗೆ ಡೇಟಾ ಸೆಗ್ಮೆಂಟ್‌ನ ಮಿತಿ ಲೆಕ್ಕಕ್ಕಿಲ್ಲ. ಪ್ರೊಸೆಸರ್ ಅದನ್ನು ನೋಡುವುದೇ ಇಲ್ಲ, ಆದರೆ ‘ಈ ಸೆಗ್ಮೆಂಟ್‌ನ ಮಿತಿ ಎಷ್ಟು’ ಎಂದು ಎಲ್‌ಎಸ್‌ಎಲ್ ಇನ್‌ಸ್ಟ್ರಕ್ಷನ್ ಕೇಳಿದರೆ ಹೇಳುತ್ತದೆ. ಬಳಕೆ ತಪ್ಪಿದ ಆ 20 ಬಿಟ್‌ನೊಳಗೆ ಕೆಳಗಿನ 12ರಲ್ಲಿ ಸಿಪಿಯು ಸಂಖ್ಯೆ, ಮೇಲಿನ 8ರಲ್ಲಿ ನೋಡ್ ಸಂಖ್ಯೆ ತುಂಬಿಟ್ಟರು. ಜಿಡಿಟಿ ಆಯಾ ಸಿಪಿಯುದೇ ಆದ್ದರಿಂದ, ಅದೇ ಇನ್‌ಸ್ಟ್ರಕ್ಷನ್ ಒಂದೊಂದು ಸಿಪಿಯು ಮೇಲೆ ಒಂದೊಂದು ಉತ್ತರ ಕೊಡುತ್ತದೆ. ಈ ಸೆಗ್ಮೆಂಟ್ ಯಾವ ಮೆಮೊರಿಯನ್ನೂ ತೋರಿಸುವುದಿಲ್ಲ. ಅದರ ಮಿತಿಯೇ ಅದರ ಸಂದೇಶ. ಇಂಥ ಹಳೆಯ ಸಾಮಾನುಗಳನ್ನು ಹೊಸ ಕೆಲಸಕ್ಕೆ ಹಚ್ಚುವುದು ನೋಡಿದರೆ ನನಗೆ ಖುಷಿ.

ಇದೇ ಸಂಖ್ಯೆಯ ಇನ್ನೊಂದು ಪ್ರತಿ ಟಿಎಸ್‌ಸಿ ಆಕ್ಸ್ ಎಂಬ ರಿಜಿಸ್ಟರ್‌ನಲ್ಲಿ ಇರುತ್ತದೆ. ಅದನ್ನು ಓದಲು ಮೊದಲು ಆರ್‌ಡಿಟಿಎಸ್‌ಸಿಪಿ, ಆಮೇಲಿನ ಚಿಪ್‌ಗಳಲ್ಲಿ ಆರ್‌ಡಿಪಿಐಡಿ ಎಂಬ ಇನ್‌ಸ್ಟ್ರಕ್ಷನ್‌ಗಳು ಬಂದವು. ಆರ್‌ಡಿಪಿಐಡಿ ಅಂತೂ ಇದೊಂದೇ ಕೆಲಸಕ್ಕೆ ಹುಟ್ಟಿದ್ದು, ಎಲ್‌ಎಸ್‌ಎಲ್‌ಗಿಂತ ಚುರುಕು. ಯೂಸರ್ ಪ್ರೋಗ್ರಾಂ ಇದನ್ನು ಕೇಳಿದಾಗ ಬರುವ ಉತ್ತರ ಬಂದ ಕ್ಷಣಕ್ಕೇ ಹಳತಾಗಬಹುದು, ಏಕೆಂದರೆ ಅಷ್ಟರಲ್ಲಿ ಅದು ಬೇರೆ ಸಿಪಿಯುಗೆ ವರ್ಗವಾಗಿರಬಹುದು. ಎನ್‌ಎಂಐ ಒಳಗಿದ್ದಾಗ ಆ ಚಿಂತೆ ಇಲ್ಲ, ಅಲ್ಲಿಂದ ನಿಮ್ಮನ್ನು ಯಾರೂ ಎತ್ತುವುದಿಲ್ಲ.

ಪ್ಯಾರನಾಯ್ಡ್ ಎಂಟ್ರಿಯ ಹೊಸ ಕೋಡ್ ಹೀಗಾಯಿತು: ಸಿಪಿಯು ಮತ್ತು ನೋಡ್ ಸಂಖ್ಯೆ ಓದು, ನೋಡ್ ಭಾಗವನ್ನು ಅಳಿಸು, ಉಳಿದ 12 ಬಿಟ್ ಹಿಡಿದು ಪಟ್ಟಿಯಿಂದ ವಿಳಾಸ ತೆಗೆ, ಜಿಎಸ್ ಬೇಸ್‌ಗೆ ಬರೆ. ಆ ಪಟ್ಟಿ ಯೂಸರ್‌ನ ಪೇಜ್ ಟೇಬಲ್‌ನಲ್ಲಿ (ಮೆಮೊರಿ ವಿಳಾಸಗಳ ನಕ್ಷೆಯಲ್ಲಿ) ಇಲ್ಲದಿರಬಹುದಾದ್ದರಿಂದ, ಇದಕ್ಕೂ ಮೊದಲು ಕರ್ನಲ್‌ನ ಪೇಜ್ ಟೇಬಲ್‌ಗೆ ಬದಲಾಯಿಸಿಕೊಂಡಿರಬೇಕು. ಹೊರಡುವಾಗ ಎತ್ತಿಟ್ಟ ಹಳೆಯ ಬೆಲೆಯನ್ನು ವಾಪಸ್ ಬರೆ. ‘ಆದರೆ’, ‘ಇಲ್ಲದಿದ್ದರೆ’ ಯಾವುದೂ ಇಲ್ಲ. 2019ರ ಆಗಸ್ಟ್‌ನಲ್ಲಿ ಬಯಲಾದ ಸ್ವಾಪ್‌ಜಿಎಸ್ ದೋಷ ನಿಮಗೆ ನೆನಪಿರಬಹುದು. ಅದಲುಬದಲು ಮಾಡಬೇಕೋ ಬೇಡವೋ ಎಂಬ ಕವಲಿನಲ್ಲಿ ಪ್ರೊಸೆಸರ್ ತಪ್ಪು ಊಹೆ ಮಾಡಿ, ಯೂಸರ್‌ನ ಜಿಎಸ್ ಹಿಡಿದು ಸ್ವಲ್ಪ ದೂರ ಓಡಿಬಿಡುತ್ತಿತ್ತು, ಅದರಿಂದ ಕರ್ನಲ್‌ನ ಮಾಹಿತಿ ಸೋರುತ್ತಿತ್ತು. ಹಳೆಯ ದಾರಿಗೆ ಅಲ್ಲಲ್ಲಿ ತಡೆಗಳನ್ನು ಹಾಕಬೇಕಾಯಿತು. ಹೊಸ ದಾರಿಯಲ್ಲಿ ಬೆಲೆಯನ್ನು ಕಡ್ಡಾಯವಾಗಿ ಬರೆಯುವುದರಿಂದ ಆ ತಡೆ ಬೇಕಿಲ್ಲ.

ಸಂಖ್ಯೆ ಓದಲು ಮೊದಲು ಬರೆದ ಕೋಡ್, ಚಿಪ್‌ನಲ್ಲಿ ಆರ್‌ಡಿಪಿಐಡಿ ಇದ್ದರೆ ಅದನ್ನು, ಇಲ್ಲದಿದ್ದರೆ ಎಲ್‌ಎಸ್‌ಎಲ್ ಅನ್ನು ಬಳಸುತ್ತಿತ್ತು. ಯಾರಾದರೂ ಹಾಗೆಯೇ ಬರೆಯುತ್ತಾರೆ. ಎರಡೂ ಕೊಡುವುದು ಒಂದೇ ಸಂಖ್ಯೆ, ಒಂದು ಬೇಗ ಕೊಡುತ್ತದೆ. ಅದು ಕೆಟ್ಟದ್ದು 2020ರ ಆಗಸ್ಟ್‌ನಲ್ಲಿ, 5.9 ಬಿಡುಗಡೆಗೆ ಮುನ್ನ. ಕೆಡಿಸಿದ್ದು ಕೆವಿಎಂ, ಅಂದರೆ ಲಿನಕ್ಸ್‌ನ ವರ್ಚುವಲ್ ಮೆಷಿನ್ ವ್ಯವಸ್ಥೆ. ಅದರದ್ದೂ ತಪ್ಪಲ್ಲ ಅನ್ನಿ.

ಏನಾಯಿತು ನೋಡಿ. ವರ್ಚುವಲ್ ಮೆಷಿನ್ ಒಳಗಿನ ಅತಿಥಿ ಕರ್ನಲ್ ಕೂಡ ತನ್ನ ಟಿಎಸ್‌ಸಿ ಆಕ್ಸ್‌ನಲ್ಲಿ ತನ್ನ ಸಂಖ್ಯೆಗಳನ್ನು ಇಟ್ಟುಕೊಳ್ಳುತ್ತದೆ. ಅತಿಥಿಯನ್ನು ಓಡಿಸುವ ಮೊದಲು ಕೆವಿಎಂ ಆ ಬೆಲೆಯನ್ನು ನಿಜವಾದ ರಿಜಿಸ್ಟರ್‌ಗೆ ಬರೆಯಬೇಕು. ಅತಿಥಿ ನಿಂತ ಕೂಡಲೇ ಆತಿಥೇಯನ, ಅಂದರೆ ಹೊರಗಿನ ನಿಜವಾದ ಮೆಷಿನ್‌ನ ಕರ್ನಲ್‌ನ, ಬೆಲೆಯನ್ನು ಮರಳಿ ಬರೆಯಬೇಕೇ? ಇಂಥ ರಿಜಿಸ್ಟರ್‌ಗಳಿಗೆ ಬರೆಯುವುದು ದುಬಾರಿ, ಅತಿಥಿ ಸೆಕೆಂಡಿಗೆ ಸಾವಿರಾರು ಸಲ ನಿಂತು ಹೊರಡುತ್ತದೆ. ಟಿಎಸ್‌ಸಿ ಆಕ್ಸ್ ಓದುವುದು ಯೂಸರ್ ಪ್ರೋಗ್ರಾಂ ಮಾತ್ರ, ಕರ್ನಲ್ ಅದನ್ನು ತನ್ನ ಕೆಲಸಕ್ಕೆ ನೋಡುವುದೇ ಇಲ್ಲ. ಹಾಗಾಗಿ ಯೂಸರ್ ಮೋಡ್‌ಗೆ ಮರಳುವಾಗ ಅಥವಾ ಬೇರೆ ಟಾಸ್ಕ್‌ಗೆ ಬದಲಾಗುವಾಗ ಸರಿಪಡಿಸಿದರೆ ಸಾಕು. ಕೆವಿಎಂ ಬರೆದವರ ಈ ತರ್ಕ ಅಂದಿಗೆ ನೂರಕ್ಕೆ ನೂರು ಸರಿ.

ಹೊಸ ಪ್ಯಾರನಾಯ್ಡ್ ಎಂಟ್ರಿ ಬಂದ ದಿನ ಆ ‘ಕರ್ನಲ್ ನೋಡುವುದೇ ಇಲ್ಲ’ ಸುಳ್ಳಾಯಿತು. ಅತಿಥಿಯ ಬೆಲೆ ರಿಜಿಸ್ಟರ್‌ನಲ್ಲಿ ಕೂತಿರುವಾಗಲೇ ಆತಿಥೇಯನಿಗೆ ಒಂದು ಎನ್‌ಎಂಐ ಬಂತು ಅನ್ನಿ. ಆರ್‌ಡಿಪಿಐಡಿ ಅತಿಥಿಯ ಸಂಖ್ಯೆ ಹೇಳುತ್ತದೆ. ನೀವಿರುವುದು 37ನೆಯ ಸಿಪಿಯು, ಅದು ಹೇಳುವುದು 2 ಎಂದು. ಕರ್ನಲ್ 2ನೆಯ ಸಿಪಿಯುವಿನ ಜಾಗವನ್ನು ತನ್ನದೆಂದು ತಿಳಿದು ತಿದ್ದುತ್ತದೆ. ಅದೇ ಹೊತ್ತಿಗೆ ನಿಜವಾದ 2ನೆಯ ಸಿಪಿಯು ಕೂಡ ಅಲ್ಲೇ ಬರೆಯುತ್ತಿರುತ್ತದೆ. ಕೂಡಲೇ ಏನೂ ಆಗುವುದಿಲ್ಲ, ಆಮೇಲೆಲ್ಲೋ ಸಂಬಂಧವಿಲ್ಲದ ಜಾಗದಲ್ಲಿ ಕರ್ನಲ್ ಕುಸಿಯುತ್ತದೆ. ಅತಿಥಿ ಆ ರಿಜಿಸ್ಟರ್‌ನಲ್ಲಿ ಮನಬಂದ ಬೆಲೆ ಇಟ್ಟಿದ್ದರಂತೂ ಪಟ್ಟಿಯಾಚೆಯ ಯಾವುದೋ ಕಸವನ್ನು ವಿಳಾಸವೆಂದು ಓದಿದಂತೆ.

ರಿಪೇರಿ ಬಹಳ ಚಿಕ್ಕದು. ಈ ದಾರಿಯಿಂದ ಆರ್‌ಡಿಪಿಐಡಿಯನ್ನು ತೆಗೆದುಹಾಕಿ, ಚಿಪ್ ಯಾವುದೇ ಇರಲಿ ಎಲ್‌ಎಸ್‌ಎಲ್ ಅನ್ನೇ ಬಳಸಿದರು. ನಿಧಾನವಾದರೂ ಪರವಾಗಿಲ್ಲ. ಜಿಡಿಟಿ ಎಲ್ಲಿದೆ ಎಂದು ಹೇಳುವ ರಿಜಿಸ್ಟರನ್ನು ಅತಿಥಿಯಿಂದ ಹೊರಬರುವಾಗ ಹಾರ್ಡ್‌ವೇರ್ ತಾನೇ ಆತಿಥೇಯನದಕ್ಕೆ ಬದಲಿಸುತ್ತದೆ, ಅಲ್ಲಿ ಸೋಮಾರಿತನಕ್ಕೆ ಅವಕಾಶವೇ ಇಲ್ಲ. ಮಿತಿಯಲ್ಲಿಟ್ಟ ಆ ಸಂಖ್ಯೆಯನ್ನು ಯೂಸರ್ ಓದಬಹುದು, ಬದಲಿಸಲಾರ. ನನ್ನ ಪ್ರಕಾರ ಇಂಟರಪ್ಟ್ ಕೋಡ್ ಬರೆಯುವವರು ಒಂದು ಗುರುತನ್ನು ಆರಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ: ಈ ಜಾಗಕ್ಕೆ ನನ್ನನ್ನು ಬಿಟ್ಟು ಮತ್ತಾರು ಬರೆಯಬಲ್ಲರು, ಯಾವಾಗ? ಎಷ್ಟು ಸೈಕಲ್ ಉಳಿಯಿತು ಎಂಬ ಲೆಕ್ಕ ಆಮೇಲಿನದು.

ಇನ್ನು ನೋಡ್ ವಿಷಯ. ಎಂಟ್ರಿಯಲ್ಲಿ ನೋಡ್ ಸಂಖ್ಯೆಯನ್ನು ಅಳಿಸಿಬಿಡುತ್ತಾರೆ ಎಂದೆ. ಜಿಎಸ್ ಸರಿಯಾದ ಮೇಲೆ ಅದನ್ನು ಪರ್-ಸಿಪಿಯು ಜಾಗದಿಂದಲೇ ಓದಬಹುದು, ಹಾಗಾಗಿ ಅಲ್ಲಿ ಬೇಕಿಲ್ಲ. ಆದರೆ ಇಂಟರಪ್ಟ್ ಹ್ಯಾಂಡ್ಲರ್‌ಗೆ ನೋಡ್ ಮುಖ್ಯವೇ. ಎರಡು ಸಾಕೆಟ್‌ನ ಸರ್ವರ್‌ನಲ್ಲಿ ಪ್ರತಿ ಸಾಕೆಟ್‌ಗೂ ತನ್ನ ಪಕ್ಕದ ಮೆಮೊರಿ ಹತ್ತಿರ, ಇನ್ನೊಂದರದು ದೂರ. ಯಾವ ಅಪಿಕ್ ಐಡಿ ಯಾವ ನೋಡ್‌ಗೆ ಸೇರಿದ್ದು ಎಂದು ಬಯೋಸ್ ತನ್ನ ಎಸ್‌ರಾಟ್ ಕೋಷ್ಟಕದಲ್ಲಿ ಹೇಳುತ್ತದೆ. ಎಸ್‌ಲಿಟ್ ಎಂಬ ಇನ್ನೊಂದು ಕೋಷ್ಟಕ ದೂರ ಹೇಳುತ್ತದೆ, ಅದರಲ್ಲಿ ತನ್ನದೇ ನೋಡ್‌ಗೆ ಯಾವಾಗಲೂ 10. ಕರ್ನಲ್ ಪ್ರತಿ ಸಿಪಿಯುವಿನ ಪರ್-ಸಿಪಿಯು ಜಾಗವನ್ನು ಆದಷ್ಟು ಅದರ ನೋಡ್‌ನ ಮೆಮೊರಿಯಲ್ಲೇ ಕೊಡುತ್ತದೆ. ಹ್ಯಾಂಡ್ಲರ್ ಒಳಗೆ ನೀವು ಮೆಮೊರಿ ಕೇಳಿದರೂ, ಬೇರೆ ಹೇಳದಿದ್ದರೆ, ಓಡುತ್ತಿರುವ ಸಿಪಿಯುವಿನ ನೋಡ್‌ನಿಂದಲೇ ಕೊಡಲು ನೋಡುತ್ತದೆ. ಅಂದರೆ ಇಂಟರಪ್ಟ್ ಯಾವ ಸಿಪಿಯುಗೆ ಬಂತು ಎಂಬುದೇ ಪ್ಯಾಕೆಟ್ ಯಾವ ಮೆಮೊರಿಯಲ್ಲಿ ಕೂರುತ್ತದೆ ಎಂಬುದನ್ನೂ ಬಹುಮಟ್ಟಿಗೆ ತೀರ್ಮಾನಿಸುತ್ತದೆ.

ನಿಮ್ಮಲ್ಲಿ ನೆಟ್‌ವರ್ಕ್ ಡ್ರೈವರ್ ಬರೆಯುವವರಿಗೆ ಒಂದು ಮಾತು. ವೇಗ ಸಾಲದು ಎಂಬ ದೂರು ಬಂದಾಗ ಮೊದಲು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಜಾಗ) ಆ ಕಾರ್ಡಿನ ನೂಮಾ ನೋಡ್ ಎಷ್ಟು ಎಂದು ತೆರೆದು ನೋಡಿ. ಅಲ್ಲಿ ಮೈನಸ್ 1 ಇದ್ದರೆ, ಕಾರ್ಡ್ ಯಾವ ನೋಡ್‌ಗೆ ಅಂಟಿಕೊಂಡಿದೆ ಎಂದು ಕರ್ನಲ್‌ಗೆ ತಿಳಿದಿಲ್ಲ ಎಂದರ್ಥ. ಸಾಮಾನ್ಯವಾಗಿ ಬಯೋಸ್ ಹೇಳಿರುವುದಿಲ್ಲ. ಆಗ ಇಂಟರಪ್ಟ್‌ಗಳನ್ನು ಸರಿಯಾದ ಕಡೆ ಹಂಚಲು ಅದಕ್ಕೆ ಆಧಾರವೇ ಇರುವುದಿಲ್ಲ. ಇನ್ನೊಂದು ಮಿತಿ: ಸಾಧನ ಕಳಿಸುವ ಎಂಎಸ್‌ಐ ಎಂಬ ಇಂಟರಪ್ಟ್ ಸಂದೇಶದಲ್ಲಿ ಯಾವ ಸಿಪಿಯುಗೆ ಎಂದು ಬರೆಯಲು ಮೂಲತಃ ಇರುವುದು 8 ಬಿಟ್. ಅಪಿಕ್ ಐಡಿ 255 ದಾಟಿದ ದೊಡ್ಡ ಮೆಷಿನ್‌ಗಳಲ್ಲಿ, ಸಾಧನಗಳು ಬಳಸುವ ವಿಳಾಸಗಳನ್ನು ಅನುವಾದಿಸುವ ಐಓಎಂಎಂಯು ಮೂಲಕ ಇಂಟರಪ್ಟ್ ವಿಳಾಸ ಬದಲಿಸುವ ವ್ಯವಸ್ಥೆ ಬೇಕೇ ಬೇಕು.

ಬೇರೆ ಪ್ರೊಸೆಸರ್‌ಗಳಲ್ಲೂ ಇಷ್ಟು ಒದ್ದಾಟ ಇದೆಯೇ ಎಂದು ಕೇಳಬಹುದು. 64 ಬಿಟ್‌ನ ಆರ್ಮ್‌ನಲ್ಲಿ ಇಲ್ಲ. ಕರ್ನಲ್‌ಗೆಂದೇ ಒಂದು ರಿಜಿಸ್ಟರ್ ಇದೆ, ಯೂಸರ್ ಅದನ್ನು ಮುಟ್ಟಲಾರ, ಪರ್-ಸಿಪಿಯು ಜಾಗದ ಅಂತರ ಸದಾ ಅಲ್ಲೇ ಇರುತ್ತದೆ. ಪವರ್‌ಪಿಸಿಯಲ್ಲಿ ಯೂಸರ್ ಓದಬಹುದಾದ, ಬರೆಯಲಾಗದ ಒಂದು ರಿಜಿಸ್ಟರ್‌ನಲ್ಲಿ ಸಿಪಿಯುಗೆ 16 ಬಿಟ್, ನೋಡ್‌ಗೆ 16 ಬಿಟ್ ಇಟ್ಟಿದ್ದಾರೆ. ರಿಸ್ಕ್-ಫೈವ್‌ನ ಉಪಾಯ ಸೊಗಸಾಗಿದೆ: ಯೂಸರ್ ಓಡುತ್ತಿರುವಾಗ ಎಸ್‌ಸ್ಕ್ರ್ಯಾಚ್ ರಿಜಿಸ್ಟರ್‌ನಲ್ಲಿ ಕರ್ನಲ್‌ನ ಟಾಸ್ಕ್ ವಿಳಾಸ, ಕರ್ನಲ್ ಓಡುತ್ತಿರುವಾಗ 0. ಇಂಟರಪ್ಟ್ ಬಂದ ಕೂಡಲೇ ಅದನ್ನು ಅದಲುಬದಲು ಮಾಡಿ ನೋಡಿದರೆ ಎಲ್ಲಿಂದ ಬಂದೆವೆಂದು ತಾನಾಗಿ ತಿಳಿಯುತ್ತದೆ.

ಇಂಟೆಲ್ ಕೂಡ ಈಗ ಸೋಲೊಪ್ಪಿ ಬೇರೆ ದಾರಿ ಹಿಡಿದಿದೆ. ಫ್ರೆಡ್ ಎಂಬ ಹೊಸ ವಿಧಾನದಲ್ಲಿ ಸಿಸ್ಟಮ್ ಕಾಲ್, ಇಂಟರಪ್ಟ್, ಎನ್‌ಎಂಐ ಎಲ್ಲವೂ ಒಂದೇ ಬಗೆಯಲ್ಲಿ ಬರುತ್ತವೆ. ಯೂಸರ್ ಮೋಡ್‌ನಿಂದ ಬಂದರೆ ಸ್ಟ್ಯಾಕ್ ಮತ್ತು ಜಿಎಸ್ ಎರಡನ್ನೂ ಹಾರ್ಡ್‌ವೇರ್ ಜಿಗಿತದ ಭಾಗವಾಗಿಯೇ ಬದಲಿಸುತ್ತದೆ, ಆ ಸಂದು ಉಳಿಯುವುದಿಲ್ಲ. ಫ್ರೆಡ್ ಆನ್ ಆಗಿರುವಾಗ ಸ್ವಾಪ್‌ಜಿಎಸ್ ಇನ್‌ಸ್ಟ್ರಕ್ಷನ್ ಬಳಸಿದರೆ ಎಕ್ಸೆಪ್ಷನ್ ಬರುತ್ತದೆ. 2024ರ 6.9ನೆಯ ಆವೃತ್ತಿಯಿಂದ ಲಿನಕ್ಸ್ ಇದನ್ನು ಬಲ್ಲದು. ಆದರೆ ಹಳೆಯ ಚಿಪ್‌ಗಳು ಇನ್ನೂ ಬಹುಕಾಲ ಡೇಟಾ ಸೆಂಟರ್‌ಗಳಲ್ಲಿ ಇರುತ್ತವೆ, ಹಾಗಾಗಿ ಕರ್ನಲ್ ಮೂರು ದಾರಿಗಳನ್ನೂ ಹೊತ್ತು ತಿರುಗುತ್ತಿದೆ: ತುದಿಯ ಬಿಟ್ ನೋಡುವುದು, ಎಲ್‌ಎಸ್‌ಎಲ್‌ನಿಂದ ಸಂಖ್ಯೆ ಓದುವುದು, ಫ್ರೆಡ್. ಯಾವುದನ್ನು ಹಿಡಿಯಬೇಕೆಂದು ಬೂಟ್ ಆಗುವಾಗ ಚಿಪ್ ನೋಡಿ ನಿರ್ಧರಿಸುತ್ತದೆ. ನಿಮ್ಮ ಮೆಷಿನ್ ಯಾವುದರ ಮೇಲಿದೆ ಎಂದು ತಿಳಿಯಬೇಕಿದ್ದರೆ ಸಿಪಿಯುಇನ್ಫೋ ಕಡತದ ಫ್ಲ್ಯಾಗ್‌ಗಳ ಸಾಲಿನಲ್ಲಿ ಎಫ್‌ಎಸ್‌ಜಿಎಸ್‌ಬೇಸ್ ಮತ್ತು ಫ್ರೆಡ್ ಎಂಬ ಹೆಸರುಗಳನ್ನು ಹುಡುಕಿ.